ಲಸಿಕೆ ಹಾಕಿಸಿದ ಮೇಲೂ ರೋಗವೇಕೆ?

ನಮ್ಮ ನೆರೆಮನೆಯ ಹಿರಿಯರೊಬ್ಬರಿಗೆ 2022ರ ಜನವರಿಯಲ್ಲಿ ಕೋವಿಡ್ ಜ್ವರ ಬಂತು. ನಾಲ್ಕು ದಿನ ಮಲಗಿ ಎದ್ದರು. ಚೇತರಿಸಿಕೊಂಡ ಮೇಲೆ ನನ್ನನ್ನು ಕಂಡವರೇ ಜಗಳಕ್ಕೆ ನಿಂತರು: "ಅಲ್ಲ ಡಾಕ್ಟರೆ, ಎರಡು ಸಲ ತೋಳು ಕೊಟ್ಟು ಚುಚ್ಚಿಸಿಕೊಂಡೆ. ಆದರೂ ಬಂತಲ್ಲ! ಇನ್ನು ಒಂಬತ್ತು ತಿಂಗಳ ಮೊಮ್ಮಗಳಿಗೆ ದಡಾರದ ಚುಚ್ಚುಮದ್ದು ಬೇರೆ ಏಕೆ?"

ಈ ಮಾತು ನಿಮ್ಮ ಮನೆಯಲ್ಲಿಯೂ ಬಂದಿರಬಹುದು. ಇದು ತಳ್ಳಿಹಾಕುವ ಪ್ರಶ್ನೆಯೇನೂ ಅಲ್ಲ. ಲಸಿಕೆ ಎಂದರೆ ಮೈಗೆ ತೊಡಿಸಿದ ಕವಚ, ರೋಗ ಅದನ್ನು ತಾಕಿ ಹಿಂದಿರುಗುತ್ತದೆ ಎಂದು ಅನೇಕರು ಎಣಿಸಿದ್ದಾರೆ. ಅದನ್ನು ಕವಚವೆನ್ನುವುದಕ್ಕಿಂತ ಪಾಠವೆನ್ನುವುದು ಸರಿ.

ಪಾಠ ಹೇಗೆ ನಡೆಯುತ್ತದೆಂದು ನೋಡೋಣ. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಒಂದೊಂದು ಬಗೆಯ ಕಣ ಒಂದೊಂದು ಗುರುತನ್ನು ಹಿಡಿಯಬಲ್ಲುದು. ಮೈ ಎಂದೂ ಕಂಡರಿಯದ ವೈರಸ್ಸು ಒಳಹೊಕ್ಕಾಗ ಅದನ್ನು ಗುರುತಿಸುವ ಕಣಗಳು ತೀರ ವಿರಳ. ಅವು ಕುತ್ತಿಗೆ, ಕಂಕುಳುಗಳ ಗ್ರಂಥಿಗಳಲ್ಲಿ ಇಮ್ಮಡಿ ನಾಲ್ಮಡಿಯಾಗಿ ಬೆಳೆದು, ಸಾಕಷ್ಟು ಪ್ರತಿಕಾಯಗಳನ್ನು ಒದಗಿಸಲು ಒಂದೆರಡು ವಾರ ಹಿಡಿಯುತ್ತದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದಂತೆ! ಅಷ್ಟರಲ್ಲಿ ಶತ್ರು ಊರನ್ನೇ ಸುಟ್ಟಿರಬಹುದು.

ಲಸಿಕೆ ಈ ಅಭ್ಯಾಸವನ್ನು ಶಾಂತಿಕಾಲದಲ್ಲಿಯೇ ಮಾಡಿಸುತ್ತದೆ. ಬಲಗುಂದಿಸಿದ ವೈರಸ್ಸನ್ನೋ, ಸತ್ತ ವೈರಸ್ಸನ್ನೋ, ಅದರ ಒಂದು ತುಣುಕನ್ನೋ ಮೈಗೆ ತೋರಿಸುತ್ತದೆ. ಪಾಠ ಮುಗಿದ ಬಳಿಕ ಬಹುಪಾಲು ಕಣಗಳು ಅಳಿಯುತ್ತವೆ. ಕೆಲವು ಮಾತ್ರ ನೆನಪಿನ ಕಣಗಳಾಗಿ ವರ್ಷಗಟ್ಟಲೆ ಉಳಿಯುತ್ತವೆ. ಮುಂದೆ ನಿಜವಾದ ವೈರಸ್ಸು ಬಂದರೆ ಕೆಲವೇ ದಿನಗಳಲ್ಲಿ ಸೈನ್ಯ ಸಿದ್ಧವಾಗುತ್ತದೆ.

ಹಾಗಾದ ಮೇಲೆ ಇದೊಂದು ಓಟದ ಪಂದ್ಯ. ದಡಾರ, ಸಿಡುಬುಗಳು ಮೈಹೊಕ್ಕು ಹೊರಗೆ ಕಾಣಿಸಿಕೊಳ್ಳಲು ಸುಮಾರು ಹತ್ತು ಹನ್ನೆರಡು ದಿನ ಬೇಕು. ನೆನಪಿನ ಕಣಗಳಿಗೆ ಅಷ್ಟು ಬಿಡುವು ಧಾರಾಳ. ಹಿಂದೆ ಸಿಡುಬಿನವರ ಬಳಿ ಇದ್ದು ಬಂದವರಿಗೆ ನಾಲ್ಕು ದಿನದೊಳಗೆ ದೇವಿ ಹಾಕಿದರೂ ರೋಗ ತಪ್ಪುತ್ತಿದ್ದುದು, ಇಲ್ಲವೆ ಹಗುರವಾಗುತ್ತಿದ್ದುದು ಉಂಟು. ಆ ಬಲದಿಂದಲೇ ಸಿಡುಬು ಭೂಮಿಯಿಂದ ಅಳಿಯಿತೆಂದು 1980ರಲ್ಲಿ ಸಾರಲು ಸಾಧ್ಯವಾಯಿತು.

ಫ್ಲೂ, ಕೋವಿಡ್‌ಗಳ ರೀತಿ ಬೇರೆ. ಅವು ಎರಡು ಮೂರು ದಿನಗಳಲ್ಲಿಯೇ ಮೂಗು ಗಂಟಲುಗಳಲ್ಲಿ ಹೆಚ್ಚಿಕೊಂಡುಬಿಡಬಲ್ಲವು. ಜೊತೆಗೆ ವೇಷವನ್ನೂ ಬದಲಿಸುತ್ತವೆ. ಲಸಿಕೆ ಹಾಕಿಸಿ ತಿಂಗಳುಗಳು ಕಳೆದಂತೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದಿರುತ್ತವೆ. ಆದ್ದರಿಂದ ಜ್ವರ ಬರುತ್ತದೆ. ಆದರೆ ರೋಗ ಶ್ವಾಸಕೋಶಕ್ಕೆ ಇಳಿಯುವ ಹೊತ್ತಿಗೆ ನೆನಪಿನ ಕಣಗಳು ಎಚ್ಚೆತ್ತಿರುತ್ತವೆ. ನಮ್ಮ ಹಿರಿಯರು ನಾಲ್ಕೇ ದಿನದಲ್ಲಿ ಎದ್ದುದು ಲಸಿಕೆಯಿಂದಲೇ ಎಂದು ಒಬ್ಬರ ಮಟ್ಟಿಗೆ ಇದಮಿತ್ಥಂ ಎಂದು ಹೇಳಲಾರೆ. ಲಕ್ಷಾಂತರ ಜನರ ಲೆಕ್ಕ ನೋಡಿದರೆ, ಲಸಿಕೆ ಪಡೆದವರಲ್ಲಿ ಸಾವು ಬಹಳ ಕಡಮೆ.

ಇನ್ನು ಮೊಮ್ಮಗಳ ವಿಷಯ. ವಿದ್ಯೆಯನ್ನು ಕಳ್ಳರು ಕದಿಯಲಾರರು ಎನ್ನುತ್ತೇವೆ. ದಡಾರ ಮೈ ಕಲಿತ ವಿದ್ಯೆಯನ್ನೇ ಕದಿಯುವ ಕಳ್ಳ. ಅದರ ವೈರಸ್ಸು ನೆನಪಿನ ಕಣಗಳನ್ನೇ ಹುಡುಕಿ ಹೊಕ್ಕು ನಾಶಮಾಡುತ್ತದೆ. ನೆದರ್ಲೆಂಡ್ಸಿನಲ್ಲಿ ಲಸಿಕೆ ಹಾಕಿಸದಿದ್ದ 77 ಮಕ್ಕಳ ರಕ್ತವನ್ನು ದಡಾರ ಬರುವ ಮುಂಚೆ ಮತ್ತು ಬಂದುಹೋದ ಮೇಲೆ ಹೋಲಿಸಿ ನೋಡಿದ ಸಂಶೋಧನೆಯೊಂದು 2019ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ರೋಗಗಳ ವಿರುದ್ಧ ಆ ಮಕ್ಕಳು ಗಳಿಸಿದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರವರೆಗೆ ಅಳಿಸಿಹೋಗಿದ್ದುವು. ದಡಾರ ವಾಸಿಯಾದ ಮಗು ತಿಂಗಳುಗಟ್ಟಲೆ ಕೆಮ್ಮು, ಭೇದಿಗಳಿಂದ ಸೊರಗುವುದನ್ನು ನಮ್ಮ ತಾಯಂದಿರು ಹಿಂದಿನಿಂದಲೂ ಬಲ್ಲರು. ಅದರ ಗುಟ್ಟು ಇಲ್ಲಿದೆ. ಲಸಿಕೆ ಪಡೆದ ಮಕ್ಕಳಲ್ಲಿ ಇಂಥ ನಷ್ಟ ಕಂಡುಬರಲಿಲ್ಲ. ಪಾಠ ಸಿಗುತ್ತದೆ, ಕಳವು ತಪ್ಪುತ್ತದೆ.

ಕರ್ನಾಟಕದಲ್ಲಿ 2017ರಿಂದ ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಸೇರಿ ಒಂದೇ ಲಸಿಕೆ ಕೊಡುತ್ತಾರೆ. ಮೊದಲನೆಯದು 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಒಂಬತ್ತು ತಿಂಗಳಿಗೆ ಹಾಕಿಸಿದಾಗ ನೂರರಲ್ಲಿ ಸುಮಾರು 85 ಮಕ್ಕಳಿಗೆ ಪಾಠ ಹತ್ತುತ್ತದೆ, ಉಳಿದವರಿಗಾಗಿಯೇ ಎರಡನೆಯದು. ಅದನ್ನು ಮರೆಯಬಾರದು. ಹಾಕಿಸಿದ ವಾರ ಹತ್ತು ದಿನದ ಮೇಲೆ ಕೆಲವು ಮಕ್ಕಳಿಗೆ ಸಣ್ಣ ಜ್ವರವೋ ಗಂಧೆಯೋ ಬರುವುದುಂಟು. ಗಾಬರಿ ಬೇಡ; ಪಾಠ ನಡೆಯುತ್ತಿದೆ ಎಂದು ತಿಳಿಯಿರಿ. ಜ್ವರ ಏರಿದರೆ ಡಾಕ್ಟರರಿಗೆ ತೋರಿಸಿ.

ಹಿರಿಯರು ಎಲ್ಲವನ್ನೂ ಕೇಳಿ ಸುಮ್ಮನೆ ಎದ್ದು ಹೋದರು. ಮರುವಾರ ಮೊಮ್ಮಗಳನ್ನು ಎತ್ತಿಕೊಂಡು ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತಿದ್ದರು. ನಿಮ್ಮ ಮನೆಯಲ್ಲಿಯೂ ಎಳೆಯ ಮಗುವಿದ್ದರೆ, ಇಂದೇ ತಾಯಿ ಕಾರ್ಡನ್ನು ತೆಗೆದು ಎರಡನೆಯ ದಿನಾಂಕ ಯಾವುದೆಂದು ನೋಡಿಬಿಡಿ.