ಕಾರ್ಡು ಕೈ ಬಿಟ್ಟೀರಿ, ಜೋಕೆ!

(ಯುವಕ ಯುವತಿಯರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಚ್ಚಿನ ಮನೆ ಸೇರಿದವನು. ಕರಪತ್ರ, ಬಿಲ್ ಪುಸ್ತಕ, ಲಗ್ನಪತ್ರಿಕೆ ಮುದ್ರಿಸಿ ಬದುಕುವವನು. ಬ್ಯಾಂಕಿನ ವಿಷಯ ಇವನಿಗೇನು ಗೊತ್ತು ಎಂದು ನೀವು ಕೇಳಬಹುದು. ನನ್ನ ಮೇಜಿನ ಮೇಲೂ ಕಾರ್ಡು ಉಜ್ಜುವ ಮೆಶಿನ್ ಕೂತಿದೆ. ಗಿರಾಕಿಗಳಾದ ನೀವು ಅದರ ಒಂದು ಬದಿ ನೋಡುತ್ತೀರಿ. ನಾನು ಎರಡೂ ಬದಿ ನೋಡುತ್ತೇನೆ. ಎಷ್ಟೋ ಮಂದಿ ಕಾರ್ಡನ್ನು ನನ್ನ ಹುಡುಗನ ಕೈಗೆ ಕೊಟ್ಟು, ಪಿನ್ ನಂಬರನ್ನು ಬಾಯಲ್ಲೇ ಕೂಗಿ ಹೇಳಿ, ಮೊಬೈಲ್ ನೋಡುತ್ತಾ ನಿಂತುಬಿಡುತ್ತಾರೆ. ನನ್ನ ಹುಡುಗ ಒಳ್ಳೆಯವನು. ಆದರೆ ಊರಿನ ಎಲ್ಲ ಕೌಂಟರಿನಲ್ಲೂ ನನ್ನ ಹುಡುಗನೇ ಕೂತಿರುತ್ತಾನೆಯೇ?

ಈಗ ಚಹಾ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಇದೆ, ಕಾರ್ಡು ಯಾರು ಬಳಸುತ್ತಾರೆ ಎನ್ನಬೇಡಿ. ಆಸ್ಪತ್ರೆ ಬಿಲ್ಲು, ಬಟ್ಟೆ ಅಂಗಡಿ, ಪೆಟ್ರೋಲ್ ಬಂಕು, ದೊಡ್ಡ ಹೋಟೆಲು, ಇಲ್ಲೆಲ್ಲ ಕಾರ್ಡು ಹೊರಬರುತ್ತದೆ. ಮೊದಲ ಸಂಬಳ ಬಂದ ತಿಂಗಳಲ್ಲಂತೂ ಇನ್ನೂ ಬೇಗ ಹೊರಬರುತ್ತದೆ!

ಪಟ್ಟಿ ಮತ್ತು ಚಿಪ್ಪು

ನಿಮ್ಮ ಕಾರ್ಡನ್ನು ತಿರುಗಿಸಿ ನೋಡಿ. ಹೆಚ್ಚಿನ ಕಾರ್ಡುಗಳ ಹಿಂಬದಿ ಕಪ್ಪು ಪಟ್ಟಿಯೊಂದಿದೆ. ಮುಂಬದಿ ಚಿನ್ನದ ಬಣ್ಣದ ಚಿಪ್ಪಿದೆ. ಎರಡಕ್ಕೂ ಇರುವ ವ್ಯತ್ಯಾಸ ಅಚ್ಚಿನವನಿಗೆ ಬೇಗ ಅರ್ಥವಾಗುತ್ತದೆ.

ಕಪ್ಪು ಪಟ್ಟಿ ಎಂದರೆ ನಮ್ಮ ಆಫ್‌ಸೆಟ್ ಪ್ಲೇಟ್ ಇದ್ದಂತೆ. ಪ್ಲೇಟ್ ಯಾರ ಕೈಗೆ ಸಿಕ್ಕಿದರೂ ಬೇಕಾದಷ್ಟು ಪ್ರತಿ ತೆಗೆಯಬಹುದು. ಅದರಲ್ಲಿರುವ ಮಾಹಿತಿ ಬದಲಾಗುವುದೇ ಇಲ್ಲ. ಅಂಗೈಯಲ್ಲಿ ಅಡಗುವ ಸಣ್ಣ ಯಂತ್ರದಲ್ಲಿ ಒಮ್ಮೆ ಎಳೆದರೆ ಸಾಕು, ಆ ಮಾಹಿತಿ ನಕಲಾಗುತ್ತದೆ. ಇದಕ್ಕೇ ಸ್ಕಿಮ್ಮಿಂಗ್ ಎನ್ನುತ್ತಾರೆ. ಆಮೇಲೆ ಖಾಲಿ ಕಾರ್ಡಿಗೆ ಅದನ್ನು ತುಂಬಿದರೆ ನಿಮ್ಮ ಕಾರ್ಡಿನ ಅವಳಿ ಸಿದ್ಧ.

ಚಿಪ್ಪು ಹಾಗಲ್ಲ. ಅದು ನಂಬರಿಂಗ್ ಮೆಶಿನ್ ಹೊಡೆದ ಬಿಲ್ ಪುಸ್ತಕವಿದ್ದಂತೆ. ಪ್ರತಿ ವ್ಯವಹಾರಕ್ಕೂ ಹೊಸದೊಂದು ಗುಪ್ತ ಸಂಕೇತ ಹುಟ್ಟುತ್ತದೆ. ಹಳೆಯದನ್ನು ಕದ್ದು ಮತ್ತೆ ಬಳಸಹೋದರೆ ಬ್ಯಾಂಕು ಒಪ್ಪುವುದಿಲ್ಲ. ಇದೇ ಕಾರಣಕ್ಕೆ ರಿಸರ್ವ್ ಬ್ಯಾಂಕು 2018ರ ಡಿಸೆಂಬರ್ 31ರೊಳಗೆ ಪಟ್ಟಿ ಮಾತ್ರ ಇರುವ ಕಾರ್ಡುಗಳನ್ನು ಬದಲಿಸಿ ಚಿಪ್ಪಿನ ಕಾರ್ಡು ಕೊಡುವಂತೆ ಬ್ಯಾಂಕುಗಳಿಗೆ ಗಡುವು ಹಾಕಿತ್ತು.

ಆದ್ದರಿಂದ ಅಂಗಡಿಯಲ್ಲಿ ಚಿಪ್ಪಿನ ಬದಿಯನ್ನು ಮೆಶಿನ್ನಿಗೆ ತೂರಿಸಿ. ‘ಚಿಪ್ಪು ಓದುತ್ತಿಲ್ಲ, ಎಳೆಯುತ್ತೇನೆ ಕೊಡಿ’ ಎಂದರೆ ಬೇರೆ ರೀತಿ ಹಣ ಕೊಡಿ. ಹಣ ಪಡೆಯುವ ಮೆಶಿನ್ನಿನಲ್ಲಿ ಕೆಲಸ ಮುಗಿದ ಮೇಲೆ ಇನ್ನೊಂದು ಡಬ್ಬಿಗೋ ಬಿಲ್ಲಿಂಗ್ ಕಂಪ್ಯೂಟರಿಗೋ ಕಾರ್ಡನ್ನು ಎಳೆಯಲು ಹೊರಟರೆ ಕೈ ಹಿಡಿದು ಕೇಳಿ: ‘ಇದು ಯಾಕೆ?’ ಅಂಗಡಿಯವನಾಗಿ ಹೇಳುತ್ತೇನೆ, ಹಣ ಪಡೆಯಲು ನನಗೆ ಎರಡನೇ ಸಲ ಎಳೆಯುವ ಅಗತ್ಯವೇ ಇಲ್ಲ.

ಕಣ್ಣ ಮುಂದಿನ ಆಟ

ಎಲ್ಲ ಕಳ್ಳತನಕ್ಕೂ ಯಂತ್ರ ಬೇಕಿಲ್ಲ. ನಮ್ಮ ಬೈಂಡಿಂಗ್ ವಿಭಾಗದ ಹುಡುಗನಿಗೆ ಆದದ್ದನ್ನು ಕೇಳಿ. ಶನಿವಾರ ಸಂಜೆ ಬಂಕೊಂದರಲ್ಲಿ ಪೆಟ್ರೋಲ್ ಹಾಕಿಸಿದ. ಪಿನ್ ಒತ್ತಿದ ಮೇಲೆ ‘ನೆಟ್‌ವರ್ಕ್ ಇಲ್ಲ, ಆ ಕಡೆ ಹೋಗಿ ನೋಡುತ್ತೇನೆ’ ಎಂದು ಅಲ್ಲಿದ್ದವನು ಮೆಶಿನ್ನು, ಕಾರ್ಡು ಎರಡನ್ನೂ ಒಯ್ದ. ವಾಪಸು ಬಂದದ್ದು ಅದೇ ಬ್ಯಾಂಕಿನ, ಅದೇ ಬಣ್ಣದ, ಬೇರೆ ಯಾರದೋ ಕಾರ್ಡು! ಇವನು ಹೆಸರು ನೋಡದೆ ಜೇಬಿಗೆ ಹಾಕಿಕೊಂಡ. ಪಿನ್ ಒತ್ತುವಾಗಲೇ ಕದ್ದು ನೋಡಿದ್ದರು. ರಾತ್ರಿ ಎಟಿಎಮ್ಮಿನಿಂದ 20,000 ರೂಪಾಯಿ ಹೋಯಿತು.

ಇಲ್ಲಿ ಕಲಿಯಬೇಕಾದ್ದು ನಾಲ್ಕೇ ಮಾತು. ಕಾರ್ಡು ನಿಮ್ಮ ಕಣ್ಣಳತೆ ದಾಟಬಾರದು. ಹೋಟೆಲಿನಲ್ಲಿ ಮೆಶಿನ್ನನ್ನು ಟೇಬಲಿಗೆ ತರಿಸಿ, ಇಲ್ಲವೇ ನೀವೇ ಎದ್ದು ಕೌಂಟರಿಗೆ ಹೋಗಿ. ಪಿನ್ ಒತ್ತುವಾಗ ಇನ್ನೊಂದು ಅಂಗೈಯನ್ನು ಮೇಲೆ ಕೊಡೆಯಂತೆ ಹಿಡಿಯಿರಿ. ಎದುರಿಗಿದ್ದವರು ಬೇಜಾರು ಮಾಡಿಕೊಳ್ಳುತ್ತಾರೆಂಬ ದಾಕ್ಷಿಣ್ಯ ಬೇಡ. ಒತ್ತುವ ಮೊದಲು ಪರದೆಯ ಮೇಲಿನ ಮೊತ್ತ ಓದಿ, 500ಕ್ಕೆ ಒಂದು ಸೊನ್ನೆ ಸೇರಿದರೆ 5,000. ಕಾರ್ಡು ವಾಪಸು ಬಂದಾಗ ಅದರ ಮೇಲಿನ ಹೆಸರು, ಕೊನೆಯ ನಾಲ್ಕು ಅಂಕಿ ನೋಡಿಯೇ ಜೇಬಿಗಿಳಿಸಿ.

ಚೀಟಿಯ ವಿಷಯವೂ ಹೇಳಬೇಕು. ಮೆಶಿನ್ನು ಕೊಡುವ ಚೀಟಿಯಲ್ಲಿ ಶಾಯಿ ಇರುವುದಿಲ್ಲ. ಅದು ಬಿಸಿಗೆ ಕಪ್ಪಾಗುವ ಥರ್ಮಲ್ ಕಾಗದ. ಜೇಬಿನ ಬೆವರಿಗೆ, ಬಿಸಿಲಿಗೆ ಅಕ್ಷರ ಮಾಯವಾಗುತ್ತದೆ. ಜಗಳ ಬಂದ ದಿನ ನಿಮ್ಮ ಕೈಯಲ್ಲಿ ಬಿಳಿ ಕಾಗದ ಉಳಿಯುತ್ತದೆ. ಅಂದೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ತಾಗಿಸಿದರೆ ಸಾಕು, ಹಣ ಹೋಯಿತು

ಕಾರ್ಡಿನ ಮೇಲೆ ಅಲೆಯಂಥ ನಾಲ್ಕು ಗೆರೆ ಇದ್ದರೆ ಅದು ತಾಗಿಸಿ ಹಣ ಕೊಡುವ ಕಾರ್ಡು. 2021ರ ಜನವರಿ 1ರಿಂದ ಒಂದು ಸಲಕ್ಕೆ 5,000 ರೂಪಾಯಿವರೆಗೆ ಪಿನ್ ಇಲ್ಲದೆ ತಾಗಿಸಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. ಬಸ್ಸಿನ ನೂಕುನುಗ್ಗಲಲ್ಲಿ ಯಾರೋ ಮೆಶಿನ್ ತಾಗಿಸಿ ಹಣ ಎಳೆದುಬಿಡುತ್ತಾರೆ ಎಂಬ ಭಯ ಹಲವರಿಗಿದೆ. ಅದಕ್ಕೆ ಮೆಶಿನ್ ಕೆಲವೇ ಸೆಂಟಿಮೀಟರ್ ಹತ್ತಿರ ಬರಬೇಕು. ಆ ಮೆಶಿನ್ನಿನ ಹಿಂದೆ ವ್ಯಾಪಾರಿಯೊಬ್ಬನ ಖಾತೆಯೂ ಇರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬಿದ್ದುಹೋದ ಕಾರ್ಡು. ಸಿಕ್ಕಿದವನು ಪಿನ್ ಗೊತ್ತಿಲ್ಲದೆಯೂ ಅಂಗಡಿ ಅಂಗಡಿಯಲ್ಲಿ ತಾಗಿಸುತ್ತಾ ಹೋಗಬಹುದು.

ಇದಕ್ಕೆ ಬೀಗ ನಿಮ್ಮ ಕೈಯಲ್ಲೇ ಇದೆ. ರಿಸರ್ವ್ ಬ್ಯಾಂಕು 2020ರ ಜನವರಿ 15ರಂದು ಹೊರಡಿಸಿದ ಆದೇಶ ಆ ವರ್ಷದ ಅಕ್ಟೋಬರ್‌ನಿಂದ ಜಾರಿಗೆ ಬಂತು. ಅದರಂತೆ ತಾಗಿಸುವುದು, ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ಪ್ರತಿಯೊಂದನ್ನೂ ನೀವೇ ಬಂದ್ ಮಾಡಬಹುದು, ತೆರೆಯಬಹುದು, ಮಿತಿ ಹಾಕಬಹುದು. ಬ್ಯಾಂಕಿನ ಆ್ಯಪಿನಲ್ಲಿ ಎರಡು ನಿಮಿಷದ ಕೆಲಸ. ವಿದೇಶಿ ಬಳಕೆಯನ್ನು ಮೊದಲು ಬಂದ್ ಮಾಡಿ. ಏಕೆಂದರೆ ನಮ್ಮ ದೇಶದ ಆನ್‌ಲೈನ್ ಅಂಗಡಿ ಒಟಿಪಿ ಕೇಳುತ್ತದೆ, ಹೊರದೇಶದ ಹಲವು ಅಂಗಡಿಗಳು ಕೇಳುವುದಿಲ್ಲ. ನಿಮ್ಮ ಕಾರ್ಡು ಒಂದು ನಿಮಿಷ ಮರೆಯಾದಾಗ ಯಾರಾದರೂ ನಂಬರು, ಅವಧಿ, ಹಿಂದಿನ ಮೂರಂಕಿ ಬರೆದುಕೊಂಡರೆ ಅಲ್ಲಿ ಖರೀದಿ ಮಾಡಬಹುದು.

ಹಣ ಹೋದ ಮೇಲೆ ಗಡಿಯಾರ ನೋಡಿ

ನಮ್ಮ ಹುಡುಗನ ಕಥೆ ಮುಗಿದಿಲ್ಲ. ಎಸ್ಸೆಮ್ಮೆಸ್ ಇಂಗ್ಲಿಷಿನಲ್ಲಿ ಬಂತು. ಇನ್ನೊಂದು ಜಾಹೀರಾತು ಎಂದುಕೊಂಡ. ಮಲಗುವ ಹೊತ್ತಿಗೆ ಓದಿಸಿಕೊಂಡು ಬ್ಯಾಂಕಿಗೆ ಫೋನು ಮಾಡಿದ. ಇಂಗ್ಲಿಷಿಗೆ ಇದು ಒತ್ತಿ, ಹಿಂದಿಗೆ ಅದು ಒತ್ತಿ ಎಂದಿತು. ಮೂರು ಸಲ ಒತ್ತಿ ಸೋತು ಸುಮ್ಮನಾದ. ಭಾನುವಾರ ಇನ್ನೂ 20,000 ಹೋಯಿತು. ಸೋಮವಾರ ಶಾಖೆಯ ಬಾಗಿಲು ತೆರೆಯುವವರೆಗೂ ಕಾರ್ಡು ಕಳ್ಳನ ಕೈಯಲ್ಲಿ ಜೀವಂತವಾಗಿತ್ತು! ಎರಡನೆಯ 20,000ವನ್ನು ಕಳ್ಳ ಒಬ್ಬನೇ ಕದಿಯಲಿಲ್ಲ, ಅರ್ಥವಾಗದ ಆ ಫೋನೂ ಕೈಜೋಡಿಸಿತು ಎಂದರೆ ತಪ್ಪೇ?

ಏಕೆ ಹೀಗೆ ಹೇಳುತ್ತೇನೆಂದರೆ, 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಎಲ್ಲವನ್ನೂ ದೂರು ಕೊಟ್ಟ ಹೊತ್ತಿನ ಮೇಲೆ ನಿಲ್ಲಿಸಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ನಷ್ಟವಿಲ್ಲ. ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ ಎಂದಾದರೆ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಪೂರ್ತಿ ರಕ್ಷಣೆ. 4ರಿಂದ 7 ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ಆಮೇಲೆ ಬ್ಯಾಂಕಿನ ನೀತಿಯಂತೆ. ಪಿನ್ ಬಿಟ್ಟುಕೊಟ್ಟಂಥ ಅಜಾಗರೂಕತೆ ನಿಮ್ಮದಾದರೆ ತಿಳಿಸುವವರೆಗಿನ ನಷ್ಟ ನಿಮ್ಮದು. ಆದರೆ ತಿಳಿಸಿದ ನಂತರದ ನಷ್ಟ ಬ್ಯಾಂಕಿನದು! ತಪ್ಪು ಗ್ರಾಹಕನದೆಂದು ಸಾಬೀತು ಮಾಡುವ ಹೊರೆಯೂ ಬ್ಯಾಂಕಿನದೇ. ಇಂಥ ನಿಯಮ ಕಾಲಕಾಲಕ್ಕೆ ತಿದ್ದುಪಡಿಯಾಗುತ್ತದೆ. ಇಂದಿನ ನಿಯಮ ಏನೆಂದು ನಿಮ್ಮ ಶಾಖೆಯಲ್ಲಿ ಬರಹದಲ್ಲೇ ಕೇಳಿ.

ಹಣ ಹೋದ ಕೂಡಲೇ ಮೊದಲು ಕಾರ್ಡು ಬ್ಲಾಕ್ ಮಾಡಿ. ಬ್ಯಾಂಕಿನ ಫೋನ್ ನಂಬರು ಕಾರ್ಡಿನ ಹಿಂಬದಿಯೇ ಇರುತ್ತದೆ, ಆದರೆ ಕಾರ್ಡೇ ಹೋದ ಮೇಲೆ ಅದನ್ನು ಎಲ್ಲಿ ಓದುತ್ತೀರಿ? ಇಂದೇ ಬರೆದಿಡಿ, ಮನೆಯಲ್ಲೂ ಒಂದು ಚೀಟಿ ಇರಲಿ. ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ನಂಬರು ಹಾಕಿ ಕಾಯುವವರಿದ್ದಾರೆ. ನಂತರ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ. ದೂರಿನ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ.

ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಅಂಚೆಯಲ್ಲಿ, ಇ-ಮೇಲಿನಲ್ಲಿ ಬರುವ ದೂರುಗಳನ್ನು ಯಾವುದೇ ಭಾಷೆಯಲ್ಲಿದ್ದರೂ ಪಡೆಯಲು 2021ರಲ್ಲಿ ಚಂಡೀಗಢದಲ್ಲಿ ಕೇಂದ್ರ ತೆರೆದಿದ್ದಾರೆ. ಅಂದರೆ ಕನ್ನಡದಲ್ಲೇ ಬರೆಯಬಹುದು. ವಿಚಾರಿಸಲು 14448 ನಂಬರಿದೆ, ಅಲ್ಲೂ ಕನ್ನಡವಿದೆ. ಇನ್ನು ಬ್ಯಾಂಕಿನ ಅರ್ಜಿ, ಚಲನ್, ಪಾಸ್‌ಬುಕ್ಕು ಇಂಗ್ಲಿಷ್, ಹಿಂದಿಯ ಜೊತೆ ಆಯಾ ನಾಡಿನ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. ಶಾಖೆಗೆ ಹೋದಾಗ ಕೇಳಿ ಪಡೆಯಿರಿ. ಕೇಳುವವರಿಲ್ಲದ್ದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಇದು ನನ್ನ ಕಸುಬಿನ ಅನುಭವ.

ನಿಮಗೆ ಇಂಗ್ಲಿಷ್ ಬರುತ್ತದೆ, ಆ್ಯಪು ತಿಳಿಯುತ್ತದೆ. ನಿಮ್ಮ ಅಪ್ಪ, ಅಮ್ಮ, ಮನೆಗೆಲಸಕ್ಕೆ ಬರುವ ಅಕ್ಕ, ಇವರ ಕೈಯಲ್ಲೂ ಇವತ್ತು ಕಾರ್ಡಿದೆ. ಈ ರಾತ್ರಿ ಊಟವಾದ ಮೇಲೆ ಅವರ ಪಕ್ಕ ಕೂತು ವಿದೇಶಿ ಬಳಕೆ ಬಂದ್ ಮಾಡಿಸಿ, ತಾಗಿಸುವುದಕ್ಕೆ ಮಿತಿ ಹಾಕಿಸಿ, ಬ್ಯಾಂಕಿನ ನಂಬರನ್ನು ಕನ್ನಡದಲ್ಲಿ ದಪ್ಪಗೆ ಬರೆದು ಗೋಡೆಗೆ ಅಂಟಿಸಿ. ಅಷ್ಟು ಮಾಡಿದರೆ ನಾನು ಇಲ್ಲಿ ಬಂದು ಮಾತಾಡಿದ್ದು ಸಾರ್ಥಕ.