ಬಾಳೆಯಿಲ್ಲದ ಊರಿನ ಬಾಳೆ ಭಂಡಾರ



ಜಗತ್ತಿನ ಬಾಳೆ ತಳಿಗಳ ಅತಿ ದೊಡ್ಡ ಸಂಗ್ರಹ ಇರುವುದು ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಚಳಿಗೆ ಬಾಳೆ ತೋಟವೇ ಇಲ್ಲ. 1985ರಲ್ಲಿ ಆ ಜಾಗವನ್ನು ಆರಿಸಿದ್ದರ ಜಾಣತನ ಅದರಲ್ಲೇ ಇದೆ: ರೋಗ ನುಸುಳಿ ಹೊರಬಿದ್ದರೂ ಅಂಟಿಕೊಳ್ಳಲು ಸುತ್ತ ಒಂದು ಗಿಡವೂ ಸಿಗದು. 1,500ಕ್ಕೂ ಹೆಚ್ಚು ಮಾದರಿಗಳು ಗಾಜಿನ ನಳಿಕೆಗಳಲ್ಲಿ, 16 ಡಿಗ್ರಿ ತಂಪಿನಲ್ಲಿ ಅಲ್ಲಿ ನಿಧಾನವಾಗಿ ಬೆಳೆಯುತ್ತಿವೆ. ಕೇಳಿದ ದೇಶಗಳಿಗೆ ಅಲ್ಲಿಂದಲೇ ಸಸಿ ಹೋಗುತ್ತದೆ.

ಹಿಂದೆ ಬಾಳೆ ಊರೂರು ತಿರುಗಿದ್ದು ಕಂದಿನ ರೂಪದಲ್ಲಿ. ಕಂದಿನೊಂದಿಗೆ ಮಣ್ಣು, ಜಂತುಹುಳು, ಪನಾಮ ಸೊರಗು ರೋಗದ ಶಿಲೀಂಧ್ರ ಎಲ್ಲವೂ ಪುಕ್ಕಟೆ ಪ್ರಯಾಣ ಮಾಡುತ್ತಿದ್ದವು. 1940ರ ಸುಮಾರಿಗೆ ಶ್ರೀಲಂಕಾದಿಂದ ಕೇರಳಕ್ಕೆ ದಾಟಿದ ಗುಚ್ಛತುದಿ ರೋಗ ಮುಂದೆ ಪಳನಿ ಬೆಟ್ಟದ ವಿರೂಪಾಕ್ಷಿ ಬಾಳೆಯನ್ನು ಹಾಳುಗೆಡವಿತು.

ಹಾಗಾದರೆ ನಳಿಕೆಯ ಸಸಿಗೆ ಯಾವ ತೊಂದರೆಯೂ ಇಲ್ಲವಲ್ಲ ಎಂದುಕೊಳ್ಳಬೇಡಿ. ಶಿಲೀಂಧ್ರವೋ ಬ್ಯಾಕ್ಟೀರಿಯವೋ ಇದ್ದರೆ ಸಾಮಾನ್ಯವಾಗಿ ಸಸಿ ಬೆಳೆಯುವ ಅಗಾರ್ ಎಂಬ ಲೋಳೆಯ ಮೇಲೆ ಬೂಸ್ಟು ಕಟ್ಟುತ್ತದೆ, ಇಲ್ಲವೇ ಸುತ್ತ ಮಬ್ಬು ಕವಿಯುತ್ತದೆ, ಕಣ್ಣಿಗೆ ಕಾಣುತ್ತದೆ. ವೈರಸ್ ಹಾಗಲ್ಲ. ಸೋಂಕಿರುವ ಸಸಿಯೂ ನಳಿಕೆಯೊಳಗೆ ಹಚ್ಚಹಸುರಾಗಿಯೇ ನಿಂತಿರಬಹುದು. ಒಂದು ಕುಡಿಯಿಂದ ಸಾವಿರ ಸಸಿ ಮಾಡಿದರೆ ವೈರಸ್ಸೂ ಸಾವಿರ ಪಾಲಾಗುತ್ತದೆ. ಅದಕ್ಕೇ ಲೂವೆನ್ ಭಂಡಾರದ ಸಸಿಗಳನ್ನು ಗಾಜಿನ ಮನೆಯಲ್ಲಿ ಬೆಳೆಸಿ, ಎಲೆ ತೆಗೆದು, ಪಿಸಿಆರ್‌ನಂಥ ಪರೀಕ್ಷೆ ಮಾಡುತ್ತಾರೆ. ಸೋಂಕು ಸಿಕ್ಕರೆ ಮಿಲಿಮೀಟರಿಗಿಂತ ಚಿಕ್ಕ ಬೆಳೆತುದಿಯನ್ನು ಕತ್ತರಿಸಿ ಹೊಸದಾಗಿ ಬೆಳೆಸುವ ಯತ್ನ. ಆ ತುದಿಗೆ ವೈರಸ್ ಹೆಚ್ಚಾಗಿ ತಲುಪಿರುವುದಿಲ್ಲ.

ಇನ್ನೂ ತಲೆನೋವಿನ ಸಂಗತಿಯೊಂದಿದೆ. ಬಾಲ್ಬಿಸಿಯಾನಾ ಎಂಬ ಕಾಡುಬಾಳೆಯ ಪಾಲಿರುವ ಕೆಲವು ತಳಿಗಳ ವರ್ಣತಂತುವಿನೊಳಗೇ ಸ್ಟ್ರೀಕ್ ವೈರಸ್‌ನ ಡಿಎನ್‌ಎ ಹುದುಗಿರುತ್ತದೆ. ಹೀಗೆ ನಳಿಕೆಯಲ್ಲಿ ಸಸಿ ಬೆಳೆಸುವ ಅಂಗಾಂಶ ಕೃಷಿಯ ಒತ್ತಡಕ್ಕೇ ಅದು ಎಚ್ಚೆತ್ತು ರೋಗವಾಗಬಲ್ಲದು. ನಮ್ಮ ಏಲಕ್ಕಿ ಬಾಳೆ, ನಂಜನಗೂಡು ರಸಬಾಳೆಗಳಲ್ಲೂ ಆ ಕಾಡುಬಾಳೆಯ ಪಾಲಿದೆ.

ಇಂಥ ರೋಗಗಳು ಹೊರಗಿನಿಂದ ನುಸುಳದಿರಲೆಂದು ಭಾರತದಲ್ಲಿ 2003ರ ಸಸ್ಯ ಕ್ವಾರಂಟೈನ್ ಆದೇಶವಿದೆ. ಸಂಶೋಧನೆಗೆ ಬರುವ ತಳಿಗಳಿಗೆ ಆಮದು ಪರವಾನಗಿ ಕೊಟ್ಟು ತಪಾಸಣೆ ಮಾಡುವುದು ದೆಹಲಿಯ ರಾಷ್ಟ್ರೀಯ ಸಸ್ಯ ತಳಿಸಂಪನ್ಮೂಲ ಬ್ಯೂರೋ. ತಪಾಸಣೆ ಮುಗಿಯಲೆಂದು ಕಾಯುವ ವಿಜ್ಞಾನಿಗಳು ಗೊಣಗುತ್ತಾರೆ, ಗೊಣಗಲಿ ಬಿಡಿ. ನರ್ಸರಿಯಲ್ಲಿ ಸಸಿ ಕೊಳ್ಳುವ ರೈತರಿಗೂ ಒಂದು ಅನುಕೂಲವಿದೆ: ಅಂಗಾಂಶ ಸಸಿಗಳ ವೈರಸ್ ಪರೀಕ್ಷೆಗೆಂದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಪ್ರಮಾಣೀಕರಣ ವ್ಯವಸ್ಥೆ ತಂದಿದೆ. ದುಡ್ಡು ಕೊಡುವ ಮುನ್ನ ಆ ಪ್ರಮಾಣಪತ್ರ ತೋರಿಸಲು ಕೇಳಿ.