ಮರ ಓಲುವುದು, ಮನ ವಾಲುವುದು

ಇಂಗ್ಲಿಷಿನಲ್ಲಿ ‘ಸ್ವೇ’ ಎಂಬ ಕ್ರಿಯಾಪದವೊಂದುಂಟು. ಬರೆದರೆ ನಾಲ್ಕೇ ಅಕ್ಷರ. ಆದರೆ ಈ ಪುಟ್ಟ ಮಾತು ಗಾಳಿಗೆ ಸಿಕ್ಕಿದ ಮರಕ್ಕೂ ಸಲ್ಲುತ್ತದೆ, ನ್ಯಾಯ ಹೇಳಲು ಕುಳಿತವರ ಮನಸ್ಸಿಗೂ ಸಲ್ಲುತ್ತದೆ. ಇವೆರಡಕ್ಕೂ ಏನು ನಂಟು ಎಂಬುದನ್ನು ಈಗ ನೋಡೋಣ.

ಮೊದಲು ಮರದ ಮಾತು. ಅಡಕೆಯ ತೋಟದಲ್ಲಿ ಗಾಳಿ ಬೀಸಿದಾಗ ಮರದ ಬುಡ ನಿಂತಲ್ಲೇ ನಿಂತಿರುತ್ತದೆ. ತಲೆ ಮಾತ್ರ ಅತ್ತಿತ್ತ ಓಲಾಡುತ್ತದೆ. ಇದೇ ‘ಸ್ವೇ’. ಉಯ್ಯಾಲೆಯ ಆಟಕ್ಕೆ ಇಂಗ್ಲಿಷಿನವರು ‘ಸ್ವಿಂಗ್’ ಎನ್ನುತ್ತಾರೆ. ಉಯ್ಯಾಲೆಗೆ ಹಿಡಿತ ಮೇಲಿರುತ್ತದೆ, ಅಡಕೆ ಮರಕ್ಕೆ ಕೆಳಗಿರುತ್ತದೆ. ಈ ಒಂದು ವ್ಯತ್ಯಾಸವನ್ನು ನೆನಪಿಟ್ಟರೆ ಈ ಎರಡು ಪದಗಳು ಸಾಮಾನ್ಯವಾಗಿ ಬೆರೆತುಹೋಗಲಾರವು. ಬತ್ತದ ತೆನೆ ತೊನೆಯುವುದೂ ತೇರು ಓಲಾಡುತ್ತ ಬರುವುದೂ ‘ಸ್ವೇ’ಯೇ.

ಇನ್ನು ಮನಸ್ಸಿನ ಮಾತು. ಒಂದು ಕಡೆ ನೆಟ್ಟಗೆ ನಿಂತಿದ್ದ ಮನಸ್ಸು ಹೊರಗಿನ ಒಂದು ಬಲಕ್ಕೆ ಸಿಕ್ಕಿ ಮತ್ತೊಂದು ಕಡೆಗೆ ವಾಲಿದರೆ ಅದಕ್ಕೂ ಇದೇ ಪದ. ಕಾರಣ ಕೊಟ್ಟು ಒಪ್ಪಿಸುವುದಕ್ಕೆ ‘ಪರ್ಸ್ವೇಡ್’ ಎಂಬ ಬೇರೆ ಪದವಿದೆ. ‘ಸ್ವೇ’ಯಲ್ಲಿ ಕಾರಣ ಇರಬಹುದು, ಇಲ್ಲದೆಯೂ ಇರಬಹುದು, ಸಾಕ್ಷ್ಯವೂ ಮನಸ್ಸನ್ನು ವಾಲಿಸೀತು, ಕಣ್ಣೀರೂ ವಾಲಿಸೀತು. ನಾಮಪದವಾದಾಗ ಇದೇ ಶಬ್ದ ಆಳ್ವಿಕೆ, ಹಿಡಿತ ಎಂಬ ಅರ್ಥವನ್ನು ಕೊಡುತ್ತದೆ. ಅರಸನೊಬ್ಬ ನಾಡಿನ ಮೇಲೆ ‘ಸ್ವೇ’ ಹೊಂದಿದ್ದನೆಂದು ಚರಿತ್ರೆಯ ಪುಸ್ತಕದಲ್ಲಿ ಓದಿದರೆ, ಅವನು ಓಲಾಡುತ್ತಿದ್ದನೆಂದು ತಿಳಿಯಬೇಕಾಗಿಲ್ಲ!

ಕನ್ನಡದಲ್ಲಿ ಇದಕ್ಕೆ ಒಂದೇ ಮಾತು ಸಾಲದು. ನಾವು ತಳ್ಳಿದ್ದು ಯಾವುದೆಂದು ನೋಡಿ ಕ್ರಿಯಾಪದವನ್ನು ಆರಿಸುತ್ತೇವೆ. ಕಣ್ಣೀರಿಗೆ ಕರಗುತ್ತೇವೆ, ಒತ್ತಾಯಕ್ಕೆ ಮಣಿಯುತ್ತೇವೆ, ಹೊಗಳಿಕೆಗೆ ಉಬ್ಬುತ್ತೇವೆ, ಸವಿಮಾತಿಗೆ ಮರುಳಾಗುತ್ತೇವೆ. ಎಲ್ಲ ಕಡೆಯೂ ‘ಪ್ರಭಾವಿತನಾದ’ ಎಂದು ಬರೆದುಬಿಟ್ಟರೆ ಅರ್ಥ ಬಂದೀತು, ಜೀವ ಬರಲಾರದು.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಕೊಲೆಯ ಅಪರಾಧಿಯೊಬ್ಬನಿಗೆ ಮರಣದಂಡನೆ ವಿಧಿಸಬೇಕೇ ಎಂಬುದನ್ನು ಜ್ಯೂರಿ ತೀರ್ಮಾನಿಸಬೇಕಾಗಿತ್ತು. ಕೇವಲ ಭಾವುಕತೆ, ಊಹೆ, ಸಹಾನುಭೂತಿ, ಉದ್ವೇಗ, ಪೂರ್ವಗ್ರಹ, ಜನಾಭಿಪ್ರಾಯ ಇವುಗಳಿಂದ ನಿಮ್ಮ ಮನಸ್ಸು ವಾಲಕೂಡದೆಂದು ಅವರಿಗೆ ಸೂಚನೆ ಕೊಡಲಾಯಿತು. ಅಲ್ಲಿ ಬಳಸಿದ್ದು ‘ಸ್ವೇ’ ಎಂಬ ಪದವನ್ನೇ. ಅಪರಾಧಿಯ ಬಾಳಿನ ಕಷ್ಟಗಳನ್ನು ಕೇಳಿ ಮರುಗುವುದೂ ತಪ್ಪೆಂದು ಜ್ಯೂರಿಯವರು ತಿಳಿದಿದ್ದರೆ? ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ ಆ ದಂಡನೆಯನ್ನು ತಳ್ಳಿಹಾಕಿತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಸೂಚನೆಯಲ್ಲಿ ದೋಷವಿಲ್ಲವೆಂದರು: ‘ಕೇವಲ’ ಎಂಬ ಮಾತು ಸಹಾನುಭೂತಿಗೂ ಅನ್ವಯಿಸುವುದರಿಂದ, ಸಾಕ್ಷ್ಯದ ನೆಲೆಯಿಲ್ಲದ ಮರುಕವನ್ನಷ್ಟೇ ಅದು ನಿಷೇಧಿಸುತ್ತದೆ ಎಂಬುದು ಅವರ ವಾದ. ನಾಲ್ವರು ಒಪ್ಪಲಿಲ್ಲ. ಒಂದು ವಾಕ್ಯವನ್ನು ಸಾಮಾನ್ಯ ಮನುಷ್ಯ ಹೇಗೆ ಕೇಳಿಸಿಕೊಳ್ಳುತ್ತಾನೆಂಬುದರ ಮೇಲೆ ಒಂದು ಪ್ರಾಣ ತೂಗುತ್ತಿತ್ತು.

ಇಂಗ್ಲಿಷ್ ಪತ್ರಿಕೆಯಲ್ಲಿ ಮತದಾರರ ಮನಸ್ಸು ‘ಸ್ವೇ’ ಆಯಿತೆಂದು ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿರಿ: ಮೊದಲು ಅದು ಎಲ್ಲಿ ನಿಂತಿತ್ತು? ಯಾವ ಕಡೆಗೆ ವಾಲಿತು? ತಳ್ಳಿದ ಗಾಳಿ ಯಾವುದು? ಮೂರನೆಯದಕ್ಕೆ ಉತ್ತರ ದೊರೆತರೆ ತಕ್ಕ ಕನ್ನಡದ ಮಾತು ತಾನಾಗಿಯೇ ನಾಲಗೆಗೆ ಬರುತ್ತದೆ. ದೊರೆಯದಿದ್ದರೆ, ವರದಿ ಬರೆದವರು ಅದನ್ನು ಹೇಳಿಲ್ಲವೆಂದೇ ತಿಳಿಯಬೇಕು.